ಎಡಚ ಹುಲ್ಲಪ್ಪನ ಹೆಂಡತಿ

ಪದ್ಮವ್ವ ಎಂಟು ವರ್ಷ ಒಬ್ಬ ಸಿನಿಮಾ ನಟನ ಹೆಂಡತಿಯಾಗಿ ಇಳಕಲ್ಲಿನಲ್ಲಿ ಕಸ ಗುಡಿಸಿದಳು. ಹೀಗೆ ಹೇಳಿದರೆ ನಮ್ಮೂರಿನಲ್ಲಿ ಇಂದಿಗೂ ಕೆಲವರು ನಗುತ್ತಾರೆ. ನಗಲಿ. ಆ ನಗೆಗೆ ಮಸಿ, ಕಾಗದ ಒದಗಿಸಿದವನು ನಾನೇ. ಅವರನ್ನು ಬೈಯುವ ಬಾಯಿ ನನಗಿಲ್ಲ.

ನನ್ನ ಹೆಸರು ಸಂಗಯ್ಯ. ಪ್ರಾಥಮಿಕ ಶಾಲೆಯ ಮಾಸ್ತರ, ಜೊತೆಗೆ ಊರಿನ ನಾಗರಿಕ ಕ್ಲಬ್ಬಿನ ಗೌರವ ಕಾರ್ಯದರ್ಶಿ. ಕ್ಲಬ್ಬಿನ ಅಧ್ಯಕ್ಷರು ಅಂದಪ್ಪನವರು, ಊರಾಚೆಯ ಕೆಂಪುಕಲ್ಲಿನ ಗಣಿಯ ಕಂತ್ರಾಟುದಾರರು. ಹಣೆಗೆ ಮೂರು ಬೆರಳಿನ ವಿಭೂತಿ, ಮಾತಿಗೊಮ್ಮೆ ಕಾಯಕ, ಮಾತಿಗೊಮ್ಮೆ ದಾಸೋಹ. ವರ್ಷಕ್ಕೊಮ್ಮೆ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗು ಹಾಕಿ ಬರುತ್ತಿದ್ದರು. ಅವರ ಎದುರು ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತವರನ್ನು ನಾನು ನೋಡಿಲ್ಲ.

ಹುಲ್ಲಪ್ಪ ಬೇವೂರಿನವನು, ಬೀರಪ್ಪ ದೇವರ ಒಕ್ಕಲಿನ ಕುರಿಗಾರರ ಮನೆಯವನು. ಅಣ್ಣತಮ್ಮಂದಿರು ಕುರಿ ಹಂಚಿಕೊಂಡಾಗ ಇವನ ಪಾಲಿಗೆ ಬಂದವು ಒಂದೇ ಮಳೆಗಾಲದಲ್ಲಿ ರೋಗ ಬಂದು ಸತ್ತವು. ಹೊಸ ಹೆಂಡತಿಯನ್ನು ಕರೆದುಕೊಂಡು ಇಳಕಲ್ಲಿಗೆ ಬಂದು ಗಣಿ ಸೇರಿದ. ಬಂಡೆಗೆ ತೂತು ಹೊಡೆಯುವಾಗ ಒಬ್ಬ ಉಳಿ ಹಿಡಿದು ಕೂಡುತ್ತಾನೆ, ಇಬ್ಬರು ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಸುತ್ತಿಗೆ ಬಿಡುತ್ತಾರೆ. ಬಲಕ್ಕೆ ಕಲ್ಲಿನ ಗೋಡೆ ಬಂದುಬಿಟ್ಟರೆ ಬಲಗೈಯವನಿಗೆ ತೋಳು ಬೀಸಲು ಜಾಗವಿರುವುದಿಲ್ಲ. ಅಲ್ಲಿ ಎಡಚನೇ ಬೇಕು. ಇಡೀ ಗಣಿಗೆ ಎಡಚನೆಂದರೆ ಹುಲ್ಲಪ್ಪನೊಬ್ಬನೇ. ಹಾಗಾಗಿ ಗೋಡೆ ಎಲ್ಲಿ ತಲೆಯ ಮೇಲೆ ಬಾಗಿ ನಿಂತಿದೆಯೋ ಅಲ್ಲಿ ಅವನನ್ನೇ ನಿಲ್ಲಿಸುತ್ತಿದ್ದರು. ಅವನು ತಲೆಗೆ ಸುತ್ತಿದ ವಸ್ತ್ರದ ತುದಿಯಿಂದ ಮೂಗು ಬಾಯಿ ಮುಚ್ಚಿಕೊಂಡು, ಎಡಗೈ ಮೇಲೆತ್ತಿ ಹೊಡೆಯುತ್ತಿದ್ದ.

ಎಪ್ಪತ್ತೈದರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಆ ಗೋಡೆ ಬಿತ್ತು. ಉಳಿದ ಕೂಲಿಗಳು ಮಳೆಗೆ ಹೆದರಿ ತಗಡಿನ ಕೆಳಗೆ ನಿಂತಿದ್ದರಂತೆ. ಹುಲ್ಲಪ್ಪ ಅಲ್ಲಿರಲಿಲ್ಲ. ಅವನ ಬುತ್ತಿಯ ಗಂಟು ಇತ್ತು, ಮೆಟ್ಟು ಇದ್ದವು. ಅಂದಪ್ಪನವರು ಮಾತ್ರ, ‘ಅಂವಾ ಹಿಂದಿನ ದಿನಾನ ಕೆಲಸ ಬಿಟ್ಟಾನ, ಯಾವಕಿನ್ನೋ ಕರ್ಕೊಂಡು ಗೋವಾಕ ಹೋಗ್ಯಾನ’ ಎಂದರು. ಅವನ ಜೊತೆ ಉಳಿ ಹಿಡಿಯುತ್ತಿದ್ದವನನ್ನು ವಾರದೊಳಗೆ ದೂರದ ಇನ್ನೊಂದು ಗಣಿಗೆ ಕಳಿಸಿದರು. ಬಿದ್ದ ಕಲ್ಲನ್ನು ಯಾರೂ ಎತ್ತಲಿಲ್ಲ. ಗುಂಡಿಗೆ ನೀರು ತುಂಬಿತು, ಎಮ್ಮೆಗಳು ಬಂದು ಮಲಗಿದವು.

ಪದ್ಮವ್ವನಿಗೆ ಅಂದಪ್ಪನವರು ಕ್ಲಬ್ಬಿನ ಕಸ ಗುಡಿಸುವ ಕೆಲಸ ಕೊಟ್ಟರು. ಅದನ್ನು ದಾಸೋಹ ಎಂದು ಕರೆದರು. ಆಕೆ ಗುಡಿಸಿದಳು. ಆದರೆ ಗಂಡ ಓಡಿಹೋದ ಎಂಬ ಮಾತನ್ನು ಮಾತ್ರ ಒಪ್ಪಲಿಲ್ಲ. ಒಂದು ಭಾನುವಾರ ನೆರೆಮನೆಯ ಮಾಬುಬಿಯನ್ನು ಕರೆದುಕೊಂಡು ನನ್ನ ಮನೆಗೆ ಬಂದು, ಹುನಗುಂದದ ತಾಲೂಕು ಕಚೇರಿಗೆ ಅರ್ಜಿ ಬರೆದುಕೊಡಿ ಎಂದಳು. ಗಂಡ ಗಣಿಯಲ್ಲಿ ಕಲ್ಲಿನ ಕೆಳಗೆ ಸತ್ತಿದ್ದಾನೆ, ಕಲ್ಲು ಎತ್ತಿಸಿ ನೋಡಬೇಕು ಎಂದು. ಗಂಡನ ಹೆಸರೇನು ಎಂದು ಕೇಳಿದಾಗ ಸೆರಗು ಬಾಯಿಗಿಟ್ಟುಕೊಂಡು ಮಾಬುಬಿಯ ಮುಖ ನೋಡಿದಳು. ಮಾಬುಬಿ ಹೇಳಿದಳು. ಹೆಂಡತಿ ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸತ್ತಿದ್ದಾನೆ ಎಂದು ಅರ್ಜಿ ಕೊಡಲು ಬಂದವಳು ಅವನ ಆಯುಷ್ಯಕ್ಕೆ ಹೆದರಿದಳು. ನಾನು ಒಳಗೊಳಗೇ ನಕ್ಕೆ, ಅಕ್ಷರ ಚೆನ್ನಾಗಿ ಬರೆದುಕೊಟ್ಟೆ.

ಆ ಅರ್ಜಿಯ ಹಿಂದೆ ಒಂದು ಬದುಕು ಕಾಯುತ್ತಿತ್ತು. ಬೇವೂರಿನ ಕುರಿಗಾರ ಅಮಸಿದ್ದಪ್ಪನಿಗೆ ಹೆಂಡತಿ ಸತ್ತು ಎರಡು ವರ್ಷವಾಗಿತ್ತು. ಸಂತೆಗೆ ಕಂಬಳಿ ಮಾರಲು ಬಂದಾಗ ಕ್ಲಬ್ಬಿನ ಕಂಪೌಂಡಿನ ಹೊರಗೆ ನಿಂತು ಪದ್ಮವ್ವನ ಜೊತೆ ಎರಡು ಮಾತಾಡಿ ಹೋಗುತ್ತಿದ್ದ. ಮಾತಾಡುವಾಗ ಅವನು ರಸ್ತೆ ನೋಡುತ್ತಿದ್ದ, ಆಕೆ ಕಸಬರಿಗೆ ನೋಡುತ್ತಿದ್ದಳು. ಅವರಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡುವ ಪದ್ಧತಿ ಇದೆ. ಹಿರಿಯರೆದುರು ಹೊಸ ಸೀರೆ ಉಡಿಸಿದರೆ ಎರಡನೆಯ ಮದುವೆ ಆದಂತೆ. ಆದರೆ ಬೇವೂರಿನ ಹಿರಿಯರು, ಹೆಣ ಸಿಕ್ಕಿಲ್ಲ, ಸರಕಾರದ ಕಾಗದ ಬರಲಿ, ಹುಲ್ಲಪ್ಪ ಸತ್ತಿದ್ದಾನೆಂದು ಬರೆದು ಬಂದರೆ ಬಳೆ ತೆಗೆದು, ಸತ್ತವನಿಗೆ ಎಡೆ ಇಟ್ಟು ದಿನ ಮಾಡಿ, ಆಮೇಲೆ ಸೀರೆ ಉಡಿಸೋಣ ಎಂದರು. ಅಮಸಿದ್ದಪ್ಪ ಇಳಕಲ್ಲಿನಲ್ಲೇ ಸೀರೆ ಕೊಂಡಿಟ್ಟಿದ್ದ. ಮಾಬುಬಿ ನೋಡಿ ಬಂದು ಓಣಿಗೆಲ್ಲ ಹೇಳಿದಳು, ದಾಳಿಂಬೆ ಬಣ್ಣದ್ದಂತೆ.

ಎಪ್ಪತ್ತೆಂಟರಲ್ಲಿ ವಿಚಾರಣೆಗೆ ಸಾಹೇಬರು ಬರುತ್ತಾರೆ ಎಂದು ಹುನಗುಂದದಿಂದ ತಿಳಿಸಿದರು. ಅದೇ ತಿಂಗಳು ನಮ್ಮ ಕ್ಲಬ್ಬಿಗೆ ಆ ಚಿತ್ರ ಬಂತು.

ಧಾರವಾಡದ ಕಡೆಯ ಕೆಲವು ಪ್ರೊಫೆಸರರು ಊರೂರಿಗೆ ಒಳ್ಳೆಯ ಚಿತ್ರ ತೋರಿಸುತ್ತಿದ್ದ ಕಾಲ ಅದು. ಉತ್ತರದ ಯಾವುದೋ ಭಾಷೆಯ ಹಳೆಯ ಕಪ್ಪುಬಿಳುಪು ಚಿತ್ರ, ಹೊರದೇಶದಲ್ಲಿ ಬಹುಮಾನ ಬಂದದ್ದು. ಕಲ್ಲು ಒಡೆಯುವ ಕೂಲಿಗಳ ಕಥೆ. ಒಬ್ಬ ಕೂಲಿ ಕಲ್ಲಿನಡಿ ಸಿಕ್ಕು ಸಾಯುತ್ತಾನೆ, ಉಳಿದವರು ಕೆಲಸ ನಿಲ್ಲಿಸುತ್ತಾರೆ, ಪೊಲೀಸರು ಬರುತ್ತಾರೆ, ಕೊನೆಗೆ ಅವರ ಮುಂದಾಳು ಸುತ್ತಿಗೆ ಹೆಗಲಿಗೇರಿಸಿ ಒಂದು ಉದ್ದ ರಸ್ತೆಯಲ್ಲಿ ನಡೆದುಹೋಗುತ್ತಾ ಒಮ್ಮೆ ತಿರುಗಿ ನೋಡುತ್ತಾನೆ. ಗಣಿ ಮಾಲೀಕರ ವಿರುದ್ಧದ ಚಿತ್ರವನ್ನು ಗಣಿ ಕಂತ್ರಾಟುದಾರರು ಯಾಕೆ ತರಿಸಿದರು ಎಂದು ಕೇಳಬಹುದು. ಪೇಪರಿನಲ್ಲಿ ಹೆಸರು ಬರುತ್ತದೆ ಎಂದು ನಾನು ಹೇಳಿದ್ದೆ. ಚಿತ್ರದಲ್ಲಿರುವುದು ತಮ್ಮ ಗಣಿ ಎಂದು ಅವರಿಗೆ ಅನ್ನಿಸಲೇ ಇಲ್ಲ.

ಆಗ ಕ್ಲಬ್ಬಿಗೆ ಸಭಾಂಗಣವಿರಲಿಲ್ಲ. ಅಂಗಳದ ಎರಡು ಬೇವಿನ ಮರಗಳ ನಡುವೆ ತೆಳು ಬಿಳಿ ಬಟ್ಟೆ ಕಟ್ಟಿದೆವು. ಮುಂದೆ ಸದಸ್ಯರಿಗೆ ಕುರ್ಚಿ, ಅವರ ಮನೆಯವರಿಗೆ ಜಮಖಾನೆ. ಪರದೆಯ ಹಿಂದೆ, ಬರಿನೆಲದಲ್ಲಿ, ನೀರು ಹೊರುವವರು, ಕಸ ಗುಡಿಸುವವರು, ಗಣಿಯ ಕೂಲಿಗಳು. ಬಟ್ಟೆ ತೆಳುವಾದ್ದರಿಂದ ಚಿತ್ರ ಹಿಂದೆಯೂ ಚೆನ್ನಾಗಿ ಕಾಣುತ್ತಿತ್ತು, ತಿರುಗುಮುರುಗಾಗಿ. ಅಕ್ಷರ ಉಲ್ಟಾ ಬರುತ್ತಿದ್ದವು. ಓದು ಬಾರದವರಿಗೆ ಅದರಿಂದ ತೊಂದರೆ ಏನು ಎಂದು ಆ ಏರ್ಪಾಟು ಮಾಡಿದವನೂ ನಾನೇ.

ಏಳು ಗಂಟೆಗೆ ಖಾಸಿಂಸಾಬ ಯಂತ್ರ ಚಾಲೂ ಮಾಡಿದ. ಅವನು ಟೂರಿಂಗ್ ಟಾಕೀಸಿನಲ್ಲಿ ಕೆಲಸ ಮಾಡಿ ಬಿಟ್ಟವನು. ಮೊದಲ ರೀಲಿನಲ್ಲೇ ಮುಂದಾಳು ಬಂದ. ತಲೆಗೆ ವಸ್ತ್ರ, ಅದರ ತುದಿಯಿಂದ ಮುಚ್ಚಿದ ಮೂಗು ಬಾಯಿ, ಮೈತುಂಬ ಕಲ್ಲಿನ ಹುಡಿ. ಸುತ್ತಿಗೆ ಎತ್ತಿದ. ಪರದೆಯ ಹಿಂದಿನಿಂದ ಒಂದು ಕೂಗು ಎದ್ದಿತು.

‘ಯಪ್ಪಾ! ಅಕಾ, ನಮ್ಮವರು! ನಮ್ಮನಿಯವರು ನೋಡ್ರಿ ಅವರು!’

ಅಂಗಳವೆಲ್ಲ ನಕ್ಕಿತು. ನಾನು ಎದ್ದು ಹಿಂದೆ ಹೋದೆ. ಪದ್ಮವ್ವ ನಿಂತುಬಿಟ್ಟಿದ್ದಳು. ‘ಮಾಸ್ತರ, ಎಡಗೈ ನೋಡ್ರಿ. ಹಂಗ ಎಡಗೈಲೆ ಮ್ಯಾಲೆತ್ತಿ ಹೊಡಿಯೋರು ಅವರ ಅಲ್ರಿ?’ ಎಂದಳು. ನಾನು ಬಟ್ಟೆ ನೋಡಿದೆ. ಹೌದು, ಎಡಗೈ. ಒಂದು ಕ್ಷಣ ನಾನೂ ನಂಬಿದೆ. ಆಮೇಲೆ ಎರಡು ಹೆಜ್ಜೆ ಈಚೆ ಬಂದು ಮುಂದಿನಿಂದ ನೋಡಿದೆ. ಬಲಗೈ. ಅಷ್ಟೇ ಸಂಗತಿ. ಆ ಚಿತ್ರ ತೆಗೆದದ್ದು ಐವತ್ಮೂರರಲ್ಲಿ, ಆಗ ಹುಲ್ಲಪ್ಪ ಬೇವೂರಿನಲ್ಲಿ ಚಡ್ಡಿಯಿಲ್ಲದೆ ಕುರಿಮರಿ ಕಾಯುತ್ತಿದ್ದ. ಆಕೆಯ ಕೈ ಹಿಡಿದು ಆ ಎರಡು ಹೆಜ್ಜೆ ಈಚೆ ತಂದಿದ್ದರೆ ಮುಗಿದುಹೋಗುತ್ತಿತ್ತು. ಮುಂದೆ ಸದಸ್ಯರ ಹೆಂಗಸರು ಕೂತಿದ್ದರು, ಕಸ ಗುಡಿಸುವವಳನ್ನು ಅಲ್ಲಿಗೆ ಹೇಗೆ ಕರೆತರಲಿ ಎಂದುಕೊಂಡೆ. ‘ಸುಮ್ಮ ಕುಂದರವಾ’ ಎಂದು ಹೇಳಿ ನನ್ನ ಕುರ್ಚಿಗೆ ಹೋದೆ.

ಚಿತ್ರದಲ್ಲಿ ಸತ್ತ ಕೂಲಿಯ ತಾಯಿ ಎದೆ ಬಡಿದುಕೊಂಡಾಗ ಅಂದಪ್ಪನವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ನಾಟಕವಲ್ಲ, ಖರೆ ಕಣ್ಣೀರು. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ. ಕಣ್ಣೊರೆಸಿಕೊಂಡವರು ನನ್ನ ಕಡೆ ಬಾಗಿ, ‘ಹಿಂದ ಏನದು ಗದ್ದಲ?’ ಎಂದರು. ಹೇಳಿದೆ. ಎಡಗೈ ಬಲಗೈ ಸಂಗತಿಯನ್ನೂ ಹೇಳಿದೆ, ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. ಕರವಸ್ತ್ರ ಮಡಚಿ ಜೇಬಿಗಿಟ್ಟರು. ‘ಆಕಿಗೆ ಯಾರೂ ಏನೂ ಹೇಳಬ್ಯಾಡ್ರಿ, ಮಾಸ್ತರ’ ಎಂದರು.

ಮರುದಿನ ಬೆಳಿಗ್ಗೆ ಆಕೆಯನ್ನು ಕ್ಲಬ್ಬಿನ ಒಳಕ್ಕೆ ಕರೆಸಿ, ತಮ್ಮ ಎದುರು ಕೂರಿಸಿ, ಚಹಾ ತರಿಸಿಕೊಟ್ಟರು. ಮೂರು ವರ್ಷ ಆ ನೆಲ ಗುಡಿಸಿದವಳು ಅದರ ಮೇಲೆ ಕೂತದ್ದು ಅದೇ ಮೊದಲು.

‘ನಿನ್ನ ಗಂಡನ ಹೌದಿಲ್ಲೋ ಪದ್ಮವ್ವಾ? ನೆಟ್ಟಗ ನೋಡಿ ಏನು?’

‘ಅವರ ಅದಾರ್ರಿ ಯಪ್ಪಾ. ನನಗ ಗುರ್ತು ಸಿಗೂದಿಲ್ಲೇನ್ರಿ?’

‘ನಾ ಅವತ್ತ ಏನಂದಿದ್ದೆ? ಓಡಿ ಹೋಗ್ಯಾನ ಅಂತ ಅಂದಿದ್ದಿಲ್ಲ? ಸಿನಿಮಾ ಸೇರ್ಯಾನ. ಜೀವಂತ ಅದಾನ, ಖುಷಿಪಡು.’

ಪದ್ಮವ್ವ ಅತ್ತಳು. ದುಃಖಕ್ಕೋ ಸಂತೋಷಕ್ಕೋ ನನಗೆ ತಿಳಿಯಲಿಲ್ಲ. ಆಕೆಗೂ ತಿಳಿದಿರಲಿಕ್ಕಿಲ್ಲ. ಅಂದಪ್ಪನವರು ನನಗೆ ಮೇಜಿನ ಮೇಲಿದ್ದ ಖಾಲಿ ಕಾಗದದ ಕಡೆ ಕೈ ತೋರಿಸಿದರು. ನಾನು ಬರೆದೆ: ಕೆಳಗೆ ಹೆಬ್ಬೆಟ್ಟು ಒತ್ತಿದ ಪದ್ಮವ್ವ, ಗಂಡ ಹುಲ್ಲಪ್ಪ, ಬರೆದುಕೊಡುವುದೇನೆಂದರೆ, ನನ್ನ ಗಂಡನನ್ನು ಜೀವಂತವಾಗಿ ಕಣ್ಣಾರೆ ನೋಡಿದ್ದೇನೆ, ಗಣಿಯಲ್ಲಿ ಸತ್ತಿದ್ದಾನೆಂದು ಮೊದಲು ಕೊಟ್ಟ ಅರ್ಜಿ ತಪ್ಪು ತಿಳುವಳಿಕೆಯಿಂದ ಆದದ್ದು. ಎಲ್ಲಿ ನೋಡಿದಳು ಎಂದು ಬರೆಯಲಿಲ್ಲ. ಬರೆಯಬೇಡಿ ಎಂದು ಅಂದಪ್ಪನವರು ಹೇಳಲೂ ಇಲ್ಲ, ನನಗೇ ತಿಳಿಯಿತು. ಅವರು ನನ್ನನ್ನು ಹೆದರಿಸಲಿಲ್ಲ, ಯಾವ ಆಸೆಯನ್ನೂ ತೋರಿಸಲಿಲ್ಲ. ಹಾಗೇನಾದರೂ ಮಾಡಿದ್ದರೆ ಇಂದು ಹೇಳಿಕೊಳ್ಳಲು ನನಗೊಂದು ನೆಪವಾದರೂ ಇರುತ್ತಿತ್ತು. ಪದ್ಮವ್ವ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ‘ಇನ್ನೊಮ್ಮೆ ತೋರಸ್ತೀರೇನ್ರಿ ಯಪ್ಪಾ?’ ಎಂದು ಕೇಳಿದಳು.

ತೋರಿಸಿದರು. ಆ ಸಂಜೆ ಊರಿಗೆ ಊರೇ ಬಂತು, ಚಿತ್ರ ನೋಡಲಿಕ್ಕಲ್ಲ. ಪದ್ಮವ್ವ ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಮದುವೆಯ ಸೀರೆ ಉಟ್ಟು ಬಂದು ಪರದೆಗೆ ತೀರ ಹತ್ತಿರ ಕೂತಳು. ‘ಬಂದ್ರು, ನಿಮ್ಮನಿಯವರು ಬಂದ್ರು, ನೀರು ಕೊಡವಾ ಕೈಕಾಲಿಗೆ!’ ಎಂದು ದೊಡ್ಡ ದೊಡ್ಡವರೇ ಕೂಗಿದರು. ಕೊನೆಯಲ್ಲಿ ಆ ನಟ ರಸ್ತೆಯಲ್ಲಿ ತಿರುಗಿ ನೋಡಿದಾಗ ಆಕೆ ಎದ್ದು ಹೋಗಿ ಬಟ್ಟೆಯ ಮೇಲೆ ಅವನ ಪಾದವಿದ್ದ ಕಡೆ ಕೈಯಿಟ್ಟು ಹಣೆಗೊತ್ತಿಕೊಂಡಳು. ಮುಂದೆ ಕೂತವರು ಬಟ್ಟೆ ಉಬ್ಬಿ ನಟನ ಕಾಲು ಡೊಂಕಾದದ್ದು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಸಿಂಸಾಬ ಯಂತ್ರ ನಿಲ್ಲಿಸಿದ. ‘ಪಾಪ ಹತ್ತತೈತ್ರಿ ಮಾಸ್ತರ. ಆಕಿನ್ನ ಒಮ್ಮೆ ಮುಂದ ಕರೀರಿ, ತಿಳೀತೈತಿ’ ಎಂದ. ನಾನು ಅಂದಪ್ಪನವರ ಮುಖ ನೋಡಿದೆ. ಅವರು, ‘ಆಕಿಗೆ ಹಿಂದ ಛಲೋ ಕಾಣ್ತೈತಿ. ನೀ ನಿನ್ನ ಮಷೀನ್ ನೋಡ್ಕೊ’ ಎಂದರು.

ವಿಚಾರಣೆಗೆ ಬಂದ ಸಾಹೇಬರು ಕಾಗದ ಓದಿ, ‘ಇದು ನಿನ್ನ ಹೆಬ್ಬೆಟ್ಟೇನಮ್ಮ?’ ಎಂದರು. ಹೌದು ಎಂದಳು. ಗಣಿಯವರೆಗೆ ಹೋಗುವ ಕೆಲಸ ಉಳಿಯಲಿಲ್ಲ.

ಅಮಸಿದ್ದಪ್ಪ ಬಂದದ್ದು ಮುಂದಿನ ಸಂತೆಗೆ. ಆಕೆಯ ಹತ್ತಿರ ಹೋಗದೆ ನೇರ ಶಾಲೆಗೆ ಬಂದು ಬಾಗಿಲಲ್ಲಿ ನಿಂತ. ಕಂಬಳಿಯ ಗಂಟು ಹೆಗಲ ಮೇಲೇ ಇತ್ತು. ‘ಮಾಸ್ತರ, ನಾ ಓದಿದಾಂವ ಅಲ್ಲ. ಊರೆಲ್ಲಾ ನಗಾಕತ್ತೈತಿ. ಹುಲ್ಲಪ್ಪ ಖರೇನ ಜೀವಂತ ಅದಾನೇನ್ರಿ? ನೀವು ಇಲ್ಲ ಅಂದ್ರ ನಾ ನಿಮ್ಮ ಮಾತು ನಂಬ್ತೇನಿ. ಹಿರಿಯರಿಗೂ ನಾನ ಹೇಳ್ತೇನಿ’ ಎಂದ.

ಇಲ್ಲ ಎನ್ನಲು ಎರಡೇ ಅಕ್ಷರ ಸಾಕಿತ್ತು. ಕ್ಲಬ್ಬಿನ ಪಡಸಾಲೆಯಲ್ಲಿ ಅಂದಪ್ಪನವರ ಪಕ್ಕ ನನಗೊಂದು ಕುರ್ಚಿ ಇತ್ತು. ಅದು ನನ್ನ ಕಣ್ಣೆದುರು ಬಂತು. ‘ಆಕಿನ ನೋಡೇನಿ ಅಂತಾಳಲ್ಲಪ್ಪಾ’ ಎಂದೆ. ಅವನು ಗಂಟನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ‘ಬರ್ತೇನ್ರಿ’ ಎಂದು ಹೋದ. ಮರುವರ್ಷ ಚೊಳಚಗುಡ್ಡದ ಕಡೆಯ ಹೆಣ್ಣು ತಂದನೆಂದು ಕೇಳಿದೆ. ಆ ಸೀರೆ ಅವಳು ಉಟ್ಟಿರಬೇಕು.

ಪದ್ಮವ್ವನಿಗೆ ಸಿನಿಮಾದವರ ಹೆಂಡತಿ ಎಂಬ ಹೆಸರು ಕಾಯಂ ಆಯಿತು. ಹೊಸ ಚಿತ್ರದ ಪೋಸ್ಟರ್ ಹಚ್ಚಿದರೆ, ‘ಇದರಾಗ ಅದಾನೇನು ನೋಡಬಾ’ ಎಂದು ಕರೆಯುತ್ತಿದ್ದರು. ಮೊದಮೊದಲು ಬಂದು ನೋಡುತ್ತಿದ್ದಳು. ಆಮೇಲೆ ಬಿಟ್ಟಳು. ಕುಂಕುಮ ಬಿಡಲಿಲ್ಲ, ಹಸಿರು ಬಳೆ ಬಿಡಲಿಲ್ಲ. ಬಾಗಲಕೋಟೆಯಿಂದ ಬಸ್ಸು ಬರುವ ಹೊತ್ತಿಗೆ ಕಸಬರಿಗೆ ನಿಲ್ಲಿಸಿ ಗೇಟಿನ ಕಡೆ ಒಮ್ಮೆ ನೋಡುತ್ತಿದ್ದಳು. ಎಂಟು ವರ್ಷದಲ್ಲಿ ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪ್ರತಿಸಲವೂ ಕೆಂಡದಂಥ ಸಿಟ್ಟು ಬರುತ್ತಿತ್ತು, ಆಕೆಯ ಮೇಲೆ. ಇಷ್ಟು ದಡ್ಡಿಯೇ ಎಂದು. ಮನುಷ್ಯ ತಾನು ಕೆಡಿಸಿದವರ ಮೇಲೇ ಸಿಟ್ಟು ಮಾಡುತ್ತಾನೆ ಎಂಬುದು ನನಗೆ ಗೊತ್ತಾದದ್ದು ನನ್ನನ್ನು ನೋಡಿಯೇ.

ಎಂಬತ್ತಾರರಲ್ಲಿ ಕ್ಲಬ್ಬಿಗೆ ಸಭಾಂಗಣವಾಯಿತು. ಎದುರು ಗೋಡೆಗೆ ಸುಣ್ಣ ಬಳಿದು ಅದನ್ನೇ ಪರದೆ ಮಾಡಿದರು. ಉದ್ಘಾಟನೆಗೆ ಯಾವ ಚಿತ್ರ ಎಂಬ ಮಾತು ಬಂದಾಗ ಅಂದಪ್ಪನವರು, ‘ನಮ್ಮ ಮೊದಲನೇದು ಅದ ತರಸ್ರಿ. ಎಂಥಾ ಚಿತ್ರ ಅದು!’ ಎಂದರು. ಹಿಂದೆ ನಡೆದದ್ದರಲ್ಲಿ ಅವರಿಗೆ ನಗೆಯಷ್ಟೇ ನೆನಪಿತ್ತು, ಎಡಗೈ ಬಲಗೈ ಮರೆತುಹೋಗಿತ್ತು. ನನಗೆ ಮರೆತಿರಲಿಲ್ಲ. ಆದರೂ ತರಿಸಿದೆ.

ಆ ಸಂಜೆ ಯಾರೋ, ‘ಪದ್ಮವ್ವನ್ನ ಮುಂದ ಕೂಡಸ್ರಿ, ಗಂಡನ್ನ ಸಮೀಪ ನೋಡ್ಲಿ’ ಎಂದರು. ಎಲ್ಲರೂ ನಕ್ಕರು. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿದರು. ಗೋಡೆಗೆ ಹಿಂಬದಿ ಎಲ್ಲಿ? ಆಕೆ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತಳು. ಮುಂದಾಳು ಬಂದ. ಸುತ್ತಿಗೆ ಎತ್ತಿದ. ಬಲಗೈ. ಜನ ಕೂಗಿಗೆ ಕಾದರು. ಕೂಗು ಬರಲಿಲ್ಲ. ಚಿತ್ರ ಮುಗಿಯುವವರೆಗೂ ಪದ್ಮವ್ವ ಅಲುಗಾಡಲಿಲ್ಲ. ಮಜಾ ಬರಲಿಲ್ಲವೆಂದು ಹಿಂದಿನ ಸಾಲಿನವರು ಗೊಣಗುತ್ತಾ ಎದ್ದುಹೋದರು.

ಸಭಾಂಗಣ ಖಾಲಿಯಾದ ಮೇಲೆ ಕಸಬರಿಗೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

‘ಮಾಸ್ತರ, ಇಂವಾ ಬಲಗೈಲೆ ಹೊಡೀತಾನಲ್ರಿ.’

ನಾನು ತೆಳು ಬಟ್ಟೆಯ ಸಂಗತಿ ಹೇಳಿದೆ. ಹಿಂದಿನಿಂದ ನೋಡಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಎಂದೆ. ಶಾಲೆಯಲ್ಲಿ ಪಾಠ ಹೇಳಿದಂತೆ, ಒಂದು ಕಾಗದವನ್ನು ದೀಪಕ್ಕೆ ಹಿಡಿದು ತಿರುಗಿಸಿ ತೋರಿಸಿದೆ. ಆಕೆ ಮನಸ್ಸಿಟ್ಟು ನೋಡಿದಳು.

‘ನಿಮಗ ಇದು ಅವತ್ತ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಕಸಬರಿಗೆ ಗೋಡೆಗೆ ಒರಗಿಸಿ, ಕೈಬಳೆಗಳನ್ನು ಒಡೆಯದೆ ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಆಮೇಲೆ ಸೆರಗು ಬಾಯಿಗಿಟ್ಟುಕೊಳ್ಳದೆ ಹೇಳಿದಳು:

‘ಹುಲ್ಲಪ್ಪ ಸತ್ತಾನ. ಖಣಿ ಗ್ವಾಡಿ ಬಿದ್ದು ಸತ್ತಾನ. ಬರೀರಿ ಮಾಸ್ತರ, ನಿಮ್ಮ ಅಕ್ಷರ ಛಂದ ಅದಾವ.’

ಆ ಹೆಸರನ್ನು ಆಕೆಯ ಬಾಯಲ್ಲಿ ಕೇಳಿದ್ದು ಅದೇ ಮೊದಲು. ‘ಈಗ ಯಾಕ ಪದ್ಮವ್ವಾ, ಎಲ್ಲಾ ಮುಗದೈತಿ’ ಎಂದೆ.

‘ನನಗ ಏನೂ ಬ್ಯಾಡ್ರಿ. ಅವರಿಗೆ ಒಂದು ದಿನ ಇಲ್ಲಲ್ರಿ. ಎಡಿ ಹಿಡಿಯಾಕ ದಿನ ಬೇಕಲ್ರಿ. ಜೀವಂತ ಅದಾನ ಅಂತ ಕಾಗದ ಇರೂತನಕ ಬೇವೂರಾಗ ಹಿರಿಯರು ದಿನಾ ಮಾಡಗೊಡೂದಿಲ್ಲ. ಹನ್ನೊಂದು ವರ್ಷಾತು, ನೀರಾಗ ಹಸದು ಕುಂತಾರ್ರಿ ಅವರು.’

ಬರೆದೆ. ಈ ಸಲ ಎಲ್ಲ ಬರೆದೆ, ಪರದೆ, ಎಡಗೈ, ಮೊದಲ ಕಾಗದ, ಅದನ್ನು ಬರೆದ ನನ್ನ ಹೆಸರು. ಆಕೆ ಹೆಬ್ಬೆಟ್ಟು ಒತ್ತಿದಳು. ಬೆಳಿಗ್ಗೆಯೇ ಹುನಗುಂದಕ್ಕೆ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಬೆಳಿಗ್ಗೆ ಅಂಚೆಪೆಟ್ಟಿಗೆಯವರೆಗೆ ಹೋದೆ. ಅಲ್ಲಿ ಅಂದಪ್ಪನವರು ಸಿಕ್ಕು, ಕಾರ್ಯಕ್ರಮ ಭಾಳ ಛಲೋ ಆತು ಎಂದು ನನ್ನ ಭುಜ ತಟ್ಟಿದರು. ಅವರ ಜೊತೆ ಮಾತಾಡುತ್ತಾ ಹಿಂದಿರುಗಿ ಬಂದೆ.

ಆ ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ, ಹಸಿರು ಬಳೆಗಳ ಕೆಳಗೆ. ಪದ್ಮವ್ವ ಮತ್ತೆ ಮೂರು ವರ್ಷ ಬದುಕಿದ್ದಳು. ಪ್ರತಿ ಸೋಮವಾರ ಗುಡಿಸುವುದು ಮುಗಿದ ಮೇಲೆ ಬಳೆಯಿಲ್ಲದ ಬರಿಗೈಯಲ್ಲಿ ಬಾಗಿಲ ಹತ್ತಿರ ನಿಂತು, ‘ಹುನಗುಂದದಿಂದ ಏನರ ಬಂತೇನ್ರಿ ಮಾಸ್ತರ?’ ಎಂದು ಕೇಳುತ್ತಿದ್ದಳು. ‘ಬರ್ತೈತಿ’ ಎನ್ನುತ್ತಿದ್ದೆ.